ಬೆಟ್ಟ ಹತ್ತೋದು ನಾವು, ಬ್ಯಾಗು ಹೊರೋದು ಯಾರು?

ಹೋದ ತಿಂಗಳು ಒಂದು ಭಾನುವಾರ. ದೇವರಾಯನದುರ್ಗ ಹತ್ತಿ ಇಳಿದು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ಕಾಯುತ್ತಾ ನಿಂತಿದ್ದೆವು. ನಮ್ಮ ಜೊತೆ ಬರುವ ಹುಡುಗರಲ್ಲಿ ಐದು ಜನ ಅಕ್ಟೋಬರ್‌ನಲ್ಲಿ ಎವರೆಸ್ಟ್ ಬೇಸ್ ಕ್ಯಾಂಪ್‌ಗೆ ಹೋಗಲು ಅಡ್ವಾನ್ಸ್ ಕಟ್ಟಿದ್ದಾರೆ. ಅವರಲ್ಲೊಬ್ಬ ಮೆಲ್ಲಗೆ ಕೇಳಿದ: "ಅಣ್ಣಾ, ಬ್ಯಾಗು ಹೊರೋಕೆ ಪೋರ್ಟರ್ ಇಟ್ಕೊಂಡ್ರೆ ಅದು ಚಾರಣ ಅನ್ನಿಸ್ಕೊಳುತ್ತಾ?" ಪಕ್ಕದವನು ನಕ್ಕ: "ದುಡ್ಡು ಕೊಡ್ತೀವಲ್ಲ ಮಗಾ, ಎಷ್ಟಾದ್ರೂ ಹೊರ್ಲಿ ಬಿಡು."

ಒಬ್ಬನಿಗೆ ಪೋರ್ಟರ್ ಇಟ್ಟುಕೊಳ್ಳುವುದೇ ನಾಚಿಕೆ. ಇನ್ನೊಬ್ಬನಿಗೆ ದುಡ್ಡು ಕೊಟ್ಟರೆ ಮುಗಿಯಿತು. ಇಡ್ಲಿ ಬರುವಷ್ಟರಲ್ಲಿ ಉತ್ತರ ಹೇಳಿ ಮುಗಿಸಲು ನನಗೆ ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲೆಲ್ಲ ನಮ್ಮ ಕಡೆಯವರಿಗೆ ಬೆಟ್ಟ ಅಂದರೆ ನಂದಿ, ಸ್ಕಂದಗಿರಿ, ಮಧುಗಿರಿ, ಅಂತರಗಂಗೆ. ನಸುಕಿನಲ್ಲಿ ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಮನೆ. ಬೆನ್ನ ಮೇಲೆ ನೀರಿನ ಬಾಟಲಿ, ಚಿತ್ರಾನ್ನದ ಡಬ್ಬಿ ಅಷ್ಟೇ. ಈಗ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದಿಂದಲೂ ಜನ ನೇಪಾಳಕ್ಕೆ, ಆಫ್ರಿಕಾದ ಕಿಲಿಮಂಜಾರೋಗೆ ಹೊರಡುತ್ತಿದ್ದಾರೆ. ಅಲ್ಲಿ ದಿನಗಟ್ಟಲೆ ನಡೆಯಬೇಕು. ದೊಡ್ಡ ಬ್ಯಾಗನ್ನು ಬೇರೊಬ್ಬರು ಹೊರುತ್ತಾರೆ. ಆ ಬೇರೊಬ್ಬರ ಬಗ್ಗೆ ಪ್ಯಾಕೇಜಿನ ಕಾಗದದಲ್ಲಿ ಇರುವುದು ಒಂದೇ ಸಾಲು: 'ಪೋರ್ಟರ್ ಸೌಲಭ್ಯ ಸೇರಿದೆ'.

## ಪೋರ್ಟರ್ ಬೇರೆ, ಶೆರ್ಪಾ ಬೇರೆ

ಪೋರ್ಟರ್ ಅಂದರೆ ಕೂಲಿಗೆ ಹೊರೆ ಹೊರುವವರು. ನಮ್ಮ ಎಪಿಎಂಸಿ ಯಾರ್ಡಿನ ಹಮಾಲರ ಹಾಗೆ. ಹಮಾಲರು ಲಾರಿಯಿಂದ ಗೋಡೌನಿಗೆ ಹೊರುತ್ತಾರೆ, ಇವರು ಒಂದು ಊರಿಂದ ಇನ್ನೊಂದು ಊರಿಗೆ ಹೊರುತ್ತಾರೆ. ನೇಪಾಳಿಯಲ್ಲಿ ಇವರಿಗೆ ಭರಿಯಾ ಅಂತ ಹೆಸರು. ಭಾರ ಹೊರುವವನು ಭರಿಯಾ. ಕನ್ನಡದವರಿಗೆ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮಲ್ಲಿ ಬಹಳ ಜನ ಇವರನ್ನೆಲ್ಲ 'ಶೆರ್ಪಾ' ಅಂತಲೇ ಕರೆಯುತ್ತಾರೆ. ಶೆರ್ಪಾ ಕೆಲಸದ ಹೆಸರಲ್ಲ, ಒಂದು ಸಮುದಾಯದ ಹೆಸರು. ಎವರೆಸ್ಟ್‌ನ ಬುಡದ ಖುಂಬು ಸೀಮೆಯಲ್ಲಿ ತಲೆತಲಾಂತರದಿಂದ ಇರುವವರು. 1953ರ ಮೇ 29ರಂದು ಎಡ್ಮಂಡ್ ಹಿಲರಿ ಜೊತೆ ಎವರೆಸ್ಟ್ ತುದಿ ಮುಟ್ಟಿದ ತೇನ್ಸಿಂಗ್ ನೋರ್ಗೆ ಶೆರ್ಪಾ ಸಮುದಾಯದವರು. ಇವತ್ತು ಶೆರ್ಪಾಗಳಲ್ಲಿ ಗೈಡ್‌ಗಳಿದ್ದಾರೆ, ಲಾಡ್ಜ್ ಮಾಲೀಕರಿದ್ದಾರೆ, ಕಂಪನಿ ನಡೆಸುವವರಿದ್ದಾರೆ.

ಚಾರಣಿಗರ ಬ್ಯಾಗು ಹೊರುವವರಲ್ಲಿ ಬಹಳಷ್ಟು ಜನ ಕೆಳಗಿನ ಗುಡ್ಡಗಾಡಿನಿಂದ ಬರುತ್ತಾರೆ. ರಾಯ್, ತಮಾಂಗ್, ಮಗರ್ ಸಮುದಾಯದ ಸಣ್ಣ ರೈತರು. ಚಾರಣದ ಸೀಸನ್ ಎರಡು: ಮಾರ್ಚ್‌ನಿಂದ ಮೇ, ಆಮೇಲೆ ಅಕ್ಟೋಬರ್, ನವೆಂಬರ್. ಆಗ ಊರು ಬಿಟ್ಟು ಕೂಲಿಗೆ ಬರುತ್ತಾರೆ. ಪಾವಗಡ, ಬಾಗೇಪಲ್ಲಿ ಕಡೆಯಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗುತ್ತಾರಲ್ಲ, ಹಾಗೆಯೇ. ಇವರು ಎತ್ತರದ ಊರಿನವರಲ್ಲ ಎಂಬುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಪೋರ್ಟರ್ ಪದ ಹೊಸದಿರಬಹುದು, ಕೆಲಸ ನಮಗೆ ಹೊಸದಲ್ಲ. ಶಬರಿಮಲೆಗೆ ಹೋದವರು ಪಂಪೆಯಿಂದ ಮೇಲಕ್ಕೆ ನಾಲ್ಕು ಜನ ಡೋಲಿ ಹೊತ್ತು ಓಡುವುದನ್ನು ನೋಡಿರುತ್ತಾರೆ. ಇರುಮುಡಿ ಮಾತ್ರ ನಮ್ಮ ತಲೆಯ ಮೇಲೇ ಇರಬೇಕು, ಅದು ಬೇರೆ ಮಾತು!

## ಗಾಳಿಯೂ ಒಂದು ಬಣವೆ

ನಂದಿಬೆಟ್ಟ 1,478 ಮೀಟರ್ ಎತ್ತರ. ಎವರೆಸ್ಟ್ ಬೇಸ್ ಕ್ಯಾಂಪ್ 5,364 ಮೀಟರ್. ಕಿಲಿಮಂಜಾರೋ ತುದಿ 5,895 ಮೀಟರ್. ಬೇಸ್ ಕ್ಯಾಂಪ್ ದಾರಿಯ ದೊಡ್ಡ ಊರು ನಾಮ್ಚೆ ಬಜಾರ್ ಇರುವುದು 3,440 ಮೀಟರಿನಲ್ಲಿ. ನಮ್ಮ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ ಇತ್ತು. ಹೆಚ್ಚುಕಡಿಮೆ ಆ ಗಣಿಯನ್ನು ತಲೆಕೆಳಗು ಮಾಡಿ ನಿಲ್ಲಿಸಿದರೆ ನಾಮ್ಚೆ. ಚಾರಣ ಅಲ್ಲಿಂದ ಇನ್ನೂ ಎರಡು ಕಿಲೋಮೀಟರ್ ಮೇಲಕ್ಕೆ ಹೋಗುತ್ತದೆ.

ಎತ್ತರಕ್ಕೆ ಹೋದರೆ ಆಮ್ಲಜನಕ ಕಡಿಮೆ ಅಂತ ಎಲ್ಲರೂ ಹೇಳುತ್ತಾರೆ. ಗಾಳಿಯಲ್ಲಿ ಆಮ್ಲಜನಕದ ಪಾಲು ತುಮಕೂರಿನಲ್ಲೂ ಶೇ. 21, ಬೇಸ್ ಕ್ಯಾಂಪ್‌ನಲ್ಲೂ ಶೇ. 21. ಹಾಗಾದರೆ ಕಡಿಮೆ ಆಗುವುದು ಏನು? ಹುಲ್ಲಿನ ಬಣವೆ ನೆನಪಿಸಿಕೊಳ್ಳಿ. ತಳದ ಹುಲ್ಲು ಮೇಲಿನ ಭಾರಕ್ಕೆ ಅದುಮಿಕೊಂಡು ಗಟ್ಟಿಯಾಗಿರುತ್ತದೆ. ತುದಿಯ ಹುಲ್ಲು ಸಡಿಲ. ಒಂದು ತಬ್ಬು ಹುಲ್ಲು ಕೆಳಗಿಂದ ಎಳೆದರೆ ಜಾಸ್ತಿ ಸಿಗುತ್ತದೆ, ಮೇಲಿಂದ ಎಳೆದರೆ ಕಡಿಮೆ. ಗಾಳಿಯೂ ಹಾಗೇ. ಸುಮಾರು 5,500 ಮೀಟರಿನ ಹೊತ್ತಿಗೆ ಗಾಳಿಯ ಒತ್ತಡ ಸಮುದ್ರ ಮಟ್ಟದ ಅರ್ಧಕ್ಕೆ ಇಳಿದಿರುತ್ತದೆ. ಒಂದು ಉಸಿರಿಗೆ ಸಿಗುವ ಆಮ್ಲಜನಕವೂ ಸುಮಾರು ಅರ್ಧ. ಒತ್ತಡ ಕಡಿಮೆಯಾದರೆ ನೀರೂ ಬೇಗ ಕುದಿಯುತ್ತದೆ. ಬೇಸ್ ಕ್ಯಾಂಪ್‌ನಲ್ಲಿ 82–83 ಡಿಗ್ರಿಗೇ ಕುದಿ. ಕುಕ್ಕರ್ ಇಲ್ಲದೆ ಅಲ್ಲಿ ಬೇಳೆ ಬೇಯಿಸುವುದು ಸುಲಭವಲ್ಲ.

ಮೈ ಇದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ನಿಧಾನವಾಗಿ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ನಿಲ್ಲಬೇಕು ಎಂದು ವೈದ್ಯರು ಹೇಳುತ್ತಾರೆ. ಅವಸರ ಮಾಡಿದರೆ ಮೊದಲು ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು. ಅದನ್ನು ಲೆಕ್ಕಿಸದೆ ಮೇಲೆ ಹೋದರೆ ಶ್ವಾಸಕೋಶದಲ್ಲಿ ನೀರು ತುಂಬಬಹುದು, ಮೆದುಳು ಊದಿಕೊಳ್ಳಬಹುದು. ಈ ಎರಡೂ ಜೀವ ತೆಗೆಯುತ್ತವೆ. ಮದ್ದು ಒಂದೇ, ತಡ ಮಾಡದೆ ಕೆಳಗಿಳಿಸುವುದು. ಆಮ್ಲಜನಕ, ಮಾತ್ರೆ ಎಲ್ಲ ಇಳಿಯುವ ತನಕ ಸಮಯ ತಂದುಕೊಡುತ್ತವೆ ಅಷ್ಟೇ.

## ಎರಡು ಬಾಕ್ಸ್ ಟೊಮೆಟೊ

ಕೋಲಾರದ ಮಾರುಕಟ್ಟೆಯಲ್ಲಿ ಟೊಮೆಟೊ ಹರಾಜಾಗುವುದು 15 ಕಿಲೋ ಬಾಕ್ಸಿನ ಲೆಕ್ಕದಲ್ಲಿ. ಅದನ್ನು ಎತ್ತಿ ನೋಡಿದವರಿಗೆ ಮುಂದಿನ ಲೆಕ್ಕ ಕೈಗೇ ಗೊತ್ತಾಗುತ್ತದೆ.

ಬೇಸ್ ಕ್ಯಾಂಪ್ ಚಾರಣ ಶುರುವಾಗುವ ಲುಕ್ಲಾಕ್ಕೆ ಹೋಗುವ ಪುಟ್ಟ ವಿಮಾನದಲ್ಲಿ ಒಬ್ಬರಿಗೆ ಒಟ್ಟು 15 ಕಿಲೋ ಸಾಮಾನು. ಅಂದರೆ ಒಂದು ಬಾಕ್ಸ್. ನೇಪಾಳದಲ್ಲಿ ಇಬ್ಬರು ಚಾರಣಿಗರಿಗೆ ಒಬ್ಬ ಪೋರ್ಟರ್ ಎಂಬುದು ರೂಢಿ. ಹಾಗಾಗಿ ಅವನ ಬೆನ್ನಿಗೆ ಎರಡು ಬಾಕ್ಸ್, 30 ಕಿಲೋ ತನಕ. ಅವನ ಸ್ವಂತ ಬಟ್ಟೆ, ಹೊದಿಕೆ ಬೇರೆ.

"ನಮ್ಮ ಹಮಾಲರು 50 ಕಿಲೋ ಸಿಮೆಂಟ್ ಮೂಟೆ ಹೊರಲ್ವಾ?" ಅಂತ ಕೇಳಬಹುದು. ಹೊರುತ್ತಾರೆ. ಆದರೆ ಇಪ್ಪತ್ತು ಮೂವತ್ತು ಹೆಜ್ಜೆ. ಇಲ್ಲಿ ಐದಾರು ಗಂಟೆ, ಏರು ಇಳಿಜಾರಿನಲ್ಲಿ, ಅರ್ಧ ಗಾಳಿಯಲ್ಲಿ, ದಿನ ಬಿಟ್ಟು ದಿನವಲ್ಲ, ದಿನಾಲೂ.

ಹೊರುವ ರೀತಿ ನೋಡಿದರೆ ನಮಗೆ ಊರು ನೆನಪಾಗುತ್ತದೆ. ನಾವು ತಲೆಗೆ ಸಿಂಬೆ ಇಟ್ಟು ಕೊಡ ಹೊರುತ್ತೇವೆ. ಅವರು ನಾಮ್ಲೊ ಎಂಬ ಅಗಲ ಪಟ್ಟಿಯನ್ನು ಹಣೆಯ ಮೇಲ್ಭಾಗಕ್ಕೆ ಕೊಟ್ಟು, ಬೆನ್ನ ಮೇಲಿನ ಬಿದಿರು ಬುಟ್ಟಿಯನ್ನು ಅದರಲ್ಲಿ ತೂಗುತ್ತಾರೆ. ಬುಟ್ಟಿಗೆ ಡೋಕೊ ಅಂತ ಹೆಸರು. ಕೈಯಲ್ಲಿ ಮೋಟು ಕೋಲು, ಅದರ ತಲೆಗೆ ಅಡ್ಡಪಟ್ಟಿ. ಅದು ಟೋಕ್ಮಾ. ದಣಿವಾದಾಗ ಟೋಕ್ಮಾವನ್ನು ಬುಟ್ಟಿಯ ಬುಡಕ್ಕೆ ಊರಿ, ನಿಂತಲ್ಲೇ ಭಾರ ಇಳಿಸುತ್ತಾರೆ. ನಮ್ಮ ಹಳೇ ದಾರಿಗಳ ಪಕ್ಕದಲ್ಲಿ ಎರಡು ಕಲ್ಲು ನಿಲ್ಲಿಸಿ ಮೇಲೊಂದು ಅಡ್ಡಗಲ್ಲು ಹಾಸಿರುತ್ತಾರಲ್ಲ, ಹೊರೆ ಇಳಿಸೋ ಕಲ್ಲು? ಯಾರ ಸಹಾಯವೂ ಇಲ್ಲದೆ ತಲೆ ಮೇಲಿನ ಹೊರೆಯನ್ನು ಇಳಿಸಲು, ಮತ್ತೆ ಎತ್ತಲು ಆಗುವ ಎತ್ತರಕ್ಕೇ ಅದನ್ನು ನಿಲ್ಲಿಸಿರುತ್ತಾರೆ. ಟೋಕ್ಮಾ ಅಂದರೆ ಕೈಯಲ್ಲಿ ಹಿಡಿದು ಓಡಾಡುವ ಆ ಕಲ್ಲು. ಕೆಳಗಿನ ಗುಡ್ಡಗಾಡಿನ ದಾರಿಗಳಲ್ಲಿ ಚೌತಾರಿ ಎಂಬ ಕಟ್ಟೆಗಳೂ ಇರುತ್ತವೆ, ಆಲ ಅರಳಿ ನೆಟ್ಟವು. ನಮ್ಮ ಅರಳಿಕಟ್ಟೆಯೇ. ಅಲ್ಲಿ ಪಂಚಾಯ್ತಿಗಿಂತ ಬೆನ್ನಿಗೆ ವಿರಾಮ ಮುಖ್ಯ.

ಈ ಜನ ಎಷ್ಟು ಹೊರಬಲ್ಲರು ಎಂಬ ಅಧ್ಯಯನ 2005ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ನಾಮ್ಚೆ ಸಂತೆಗೆ ಸರಕು ಸಾಗಿಸುವವರನ್ನು ತೂಗಿ ನೋಡಿದ್ದರು. ಗಂಡಸರ ಹೊರೆ ಸರಾಸರಿ ಅವರ ಮೈತೂಕದ ಶೇ. 93, ಹೆಂಗಸರದು ಶೇ. 66. ಅಷ್ಟು ಭಾರ ಹೊತ್ತರೂ ಅವರು ಖರ್ಚು ಮಾಡುವ ಶಕ್ತಿ ಬೆನ್ನುಚೀಲ ಹೊತ್ತ ಯುರೋಪಿನವರಿಗಿಂತ ಕಡಿಮೆ.

ಇದನ್ನು ಕೇಳಿದವರು ಸಾಮಾನ್ಯವಾಗಿ 'ಹಾಗಾದ್ರೆ ಹೊರ್ಲಿ ಬಿಡಿ' ಅನ್ನುತ್ತಾರೆ. ಅಲ್ಲೇ ಎಡವುವುದು. ಸಂತೆಗೆ ಸರಕು ಹೊರುವವನು ತನ್ನ ಲೆಕ್ಕದಲ್ಲಿ ನಡೆಯುತ್ತಾನೆ. ನಾಲ್ಕು ಹೆಜ್ಜೆ, ಆಮೇಲೆ ಟೋಕ್ಮಾ ಮೇಲೆ ವಿಶ್ರಾಂತಿ. ಚಾರಣದ ಪೋರ್ಟರ್ ನಮ್ಮ ವೇಳಾಪಟ್ಟಿಗೆ ನಡೆಯಬೇಕು. ನಾವು ಲಾಡ್ಜ್ ತಲುಪುವ ಮೊದಲು ಬ್ಯಾಗು ಅಲ್ಲಿರಬೇಕು. ಮತ್ತೆ, ಶಕ್ತಿ ಉಳಿತಾಯದ ಲೆಕ್ಕ ಮಂಡಿ ಸವೆತದ ಲೆಕ್ಕ ಹೇಳುವುದಿಲ್ಲ.

ಹೊರೆಗೆ ಮಿತಿ ಇದೆ. ಪೋರ್ಟರ್‌ಗಳ ರಕ್ಷಣೆಗೆಂದೇ ಇರುವ 'ಇಂಟರ್‌ನ್ಯಾಷನಲ್ ಪೋರ್ಟರ್ ಪ್ರೊಟೆಕ್ಷನ್ ಗ್ರೂಪ್' ನೇಪಾಳಕ್ಕೆ 30 ಕಿಲೋ, ಕಿಲಿಮಂಜಾರೋಗೆ 20 ಕಿಲೋ ಎಂದು ಹೇಳುತ್ತದೆ. ಕಿಲಿಮಂಜಾರೋ ಪಾರ್ಕಿನ ಗೇಟಿನಲ್ಲೇ ಪೋರ್ಟರ್‌ಗಳ ಹೊರೆಯನ್ನು ತಕ್ಕಡಿಗೆ ಹಾಕುತ್ತಾರೆ. ಪೆರು ದೇಶದ ಇಂಕಾ ದಾರಿಯಲ್ಲೂ ಹಾಗೇ, ಅಲ್ಲಿ ಪೋರ್ಟರ್‌ಗಳಿಗೇ ಒಂದು ಕಾನೂನು ಇದೆ. ಲುಕ್ಲಾದಿಂದ ಮೇಲೆ ಹಾಗೆ ತೂಗಿ ಬಿಡುವವರನ್ನು ನಾನು ಕಾಣಲಿಲ್ಲ. ಬ್ಯಾಗಿನ ಮಾಲೀಕನೇ ತೂಗಬೇಕು.

ನನ್ನದೇ ಕಥೆ ಹೇಳುತ್ತೇನೆ. ನಾನು ಹೋದಾಗ ಆರು ಜನಕ್ಕೆ ಮೂವರು ಪೋರ್ಟರ್ ಅಂತ ಮಾತಾಗಿತ್ತು. ಲುಕ್ಲಾದಲ್ಲಿ ಬಂದವರು ಇಬ್ಬರು. 'ಇನ್ನೊಬ್ಬ ಮುಂದೆ ಸಿಗ್ತಾನೆ' ಅಂದರು. ನಾವು ಹೂಂ ಅಂದು ಫೋಟೊ ಹೊಡೆಸಿಕೊಳ್ಳಲು ಹೋದೆವು. ಎರಡನೇ ದಿನ ನಾಮ್ಚೆಯ ಏರಿನಲ್ಲಿ ಒಬ್ಬ ಹುಡುಗ ಮೂರು ಬ್ಯಾಗು ಒಟ್ಟಿಗೆ ಕಟ್ಟಿಕೊಂಡು ಕೂತಿದ್ದ. ಮೇಲಿನ ಬ್ಯಾಗು ನನ್ನದು. ಅದರಲ್ಲಿ ಮನೆಯಿಂದ ಕಟ್ಟಿಕೊಟ್ಟ ನಿಪ್ಪಟ್ಟು, ಚಕ್ಕುಲಿ, ಹುರಿಗಾಳು ಎರಡು ಕಿಲೋ ಮೇಲಿತ್ತು. ಮೂರನೆಯವನು ಕೊನೇವರೆಗೂ ಸಿಗಲಿಲ್ಲ. ನಾಮ್ಚೆಯಲ್ಲಿ ನಾವೇ ಗಲಾಟೆ ಮಾಡಿ, ದುಡ್ಡು ಹಾಕಿ, ಇನ್ನೊಬ್ಬರನ್ನು ಗೊತ್ತು ಮಾಡಿಕೊಂಡೆವು.

## 'ಅವರಿಗೆ ಅಭ್ಯಾಸ ಇರುತ್ತೆ ಬಿಡ್ರಿ'

ಇದು ಎಲ್ಲಕ್ಕಿಂತ ಜಾಸ್ತಿ ಕೇಳಿಬರುವ ಮಾತು. ಹೊರುವ ಅಭ್ಯಾಸ ಇರುತ್ತದೆ, ನಿಜ. ಎತ್ತರದ ಅಭ್ಯಾಸ ಬೇರೆ. ತಲೆತಲಾಂತರದಿಂದ ಎತ್ತರದಲ್ಲೇ ಬಾಳಿದ ಶೆರ್ಪಾ ಮೈಗೆ ಒಂದು ಹೊಂದಿಕೆ ಬಂದಿದೆ. ಕೆಳಗಿನ ಊರಿಂದ ಬಂದ ರೈತನ ಮೈ ಬಹುಮಟ್ಟಿಗೆ ನಿಮ್ಮ ನನ್ನ ಮೈಯಂತೆಯೇ. ಅವನಿಗೂ ತಲೆನೋವು ಬರುತ್ತದೆ. ಅದರ ಮೇಲೆ ಅವನು ಎರಡು ಬಾಕ್ಸ್ ಹೊತ್ತಿರುತ್ತಾನೆ.

ಇಲ್ಲಿ ಒಂದು ಗಂಟು ಇದೆ. ನಮಗೆ ತಲೆ ನೋವಾದರೆ ಗೈಡ್‌ಗೆ ಹೇಳುತ್ತೇವೆ. ನಾಡಿ ನೋಡುತ್ತಾರೆ, ಮಾತ್ರೆ ಕೊಡುತ್ತಾರೆ, ಒಂದು ದಿನ ನಿಲ್ಲುತ್ತಾರೆ. ಪೋರ್ಟರ್ ಹೇಳಿದರೆ ಅವತ್ತಿಗೆ ಅವನ ಕೆಲಸ ಹೋಯಿತು. ಉಳಿದ ದಿನಗಳ ಕೂಲಿಯೂ ಹೋಯಿತು. ಹಾಗಾಗಿ ಹೇಳುವುದಿಲ್ಲ. ಮುಚ್ಚಿಟ್ಟುಕೊಂಡು ಮೇಲೆ ಹೋಗುತ್ತಾನೆ. ಎತ್ತರದ ಕಾಯಿಲೆಯಲ್ಲಿ ಅತ್ಯಂತ ಅಪಾಯದ ಕೆಲಸ ಅದೇ.

1997ರಲ್ಲಿ ನೇಪಾಳದಲ್ಲಿ ಹೀಗೇ ಆಯಿತು. ಚಾರಣದ ಗುಂಪೊಂದಕ್ಕೆ ಹೊರೆ ಹೊರುತ್ತಿದ್ದ ಹುಡುಗನಿಗೆ ಎತ್ತರದ ಕಾಯಿಲೆ ಬಂತು. ಕೂಲಿ ಲೆಕ್ಕ ಚುಕ್ತಾ ಮಾಡಿ, ಒಬ್ಬನೇ ಕೆಳಗೆ ಹೋಗು ಎಂದು ಕಳಿಸಿದರು. ಆ ಹುಡುಗ ಸತ್ತ. ಮೇಲೆ ಹೇಳಿದ ಪೋರ್ಟರ್ ರಕ್ಷಣಾ ಸಂಘ ಹುಟ್ಟಿದ್ದು ಈ ಸಾವಿನ ನಂತರ. ಚಳಿಗೆ ತಕ್ಕ ಬಟ್ಟೆ ಬೂಟು, ಮಲಗಲು ಸೂರು ಮತ್ತು ಊಟ, ಚಾರಣಿಗರಿಗೆ ಸಿಗುವಂಥದೇ ಚಿಕಿತ್ಸೆ, ಕಾಯಿಲೆಯಾದರೆ ಜೊತೆಗೆ ಒಬ್ಬರನ್ನು ಕೊಟ್ಟೇ ಕೆಳಗೆ ಕಳಿಸುವುದು, ಮಿತಿ ಮೀರದ ಹೊರೆ. ಅವರ ನಿಯಮಗಳ ಸಾರ ಇಷ್ಟೇ. ಓದಿದರೆ ಯಾವುದೂ ದೊಡ್ಡ ಬೇಡಿಕೆ ಅನ್ನಿಸುವುದಿಲ್ಲ.

ಬಟ್ಟೆಯ ವಿಷಯಕ್ಕೆ ಒಂದು ಅಂದಾಜು. ಸಾವಿರ ಮೀಟರ್ ಏರಿದರೆ ಸುಮಾರು ಆರೂವರೆ ಡಿಗ್ರಿ ತಂಪಾಗುತ್ತದೆ. ತುಮಕೂರು ಇರುವುದು 800 ಮೀಟರ್ ಮೇಲೆ. ಬೇಸ್ ಕ್ಯಾಂಪ್‌ಗಿಂತ ಮೊದಲು ಸಿಗುವ ಗೋರಕ್ ಶೆಪ್ 5,164 ಮೀಟರ್. ಬರೀ ಎತ್ತರದ ಲೆಕ್ಕದಲ್ಲೇ 28 ಡಿಗ್ರಿ ವ್ಯತ್ಯಾಸ. ಅದಕ್ಕೆ ಗಾಳಿ, ರಾತ್ರಿ, ಹಿಮ ಸೇರಿಸಿ. ನಾವು ಮೂರು ಪದರ ಬಟ್ಟೆ ಹಾಕಿ ನಡುಗುವಾಗ, ತೆಳು ಜಾಕೆಟ್, ಕ್ಯಾನ್ವಾಸ್ ಶೂ ಹಾಕಿದವನು ನಮ್ಮ ಮೂರು ಪದರವನ್ನೇ ಬೆನ್ನ ಮೇಲೆ ಹೊತ್ತಿರುತ್ತಾನೆ. ಕಪ್ಪು ಕನ್ನಡಕವೂ ಶೋಕಿಗಲ್ಲ. ಹಿಮದ ಮೇಲಿನ ಬಿಸಿಲು ಬರಿಗಣ್ಣಿಗೆ ಬಿದ್ದರೆ ತಾತ್ಕಾಲಿಕವಾಗಿ ಕಣ್ಣು ಕಾಣದಂತಾಗುತ್ತದೆ.

## ದುಡ್ಡು ಎಲ್ಲಿ ಸೋರುತ್ತದೆ?

ನೀವು ಬೆಂಗಳೂರಿನ ಕಂಪನಿಗೆ ಹಣ ಕಟ್ಟುತ್ತೀರಿ. ಅವರು ಕಠ್ಮಂಡುವಿನ ಏಜೆನ್ಸಿಗೆ ಕೆಲಸ ಒಪ್ಪಿಸುತ್ತಾರೆ. ಏಜೆನ್ಸಿ ಗೈಡ್‌ಗೆ ಅಥವಾ ಸರ್ದಾರನಿಗೆ ಹೇಳುತ್ತದೆ. ಅವನು ಆಳುಗಳನ್ನು ಗೊತ್ತು ಮಾಡುತ್ತಾನೆ. ನಮ್ಮ ಕಟ್ಟಡ ಕೆಲಸದ ಮೇಸ್ತ್ರಿ ಪದ್ಧತಿ ಗೊತ್ತಿರುವವರಿಗೆ ಇದು ಹೊಸದಲ್ಲ. ಮಾಲೀಕ ಕೊಟ್ಟದ್ದೆಷ್ಟು, ಆಳಿಗೆ ಮುಟ್ಟಿದ್ದೆಷ್ಟು, ನಡುವಿನವರಿಗೆ ಮಾತ್ರ ಗೊತ್ತು.

ಅಗ್ಗದ ಪ್ಯಾಕೇಜಿನ ಗುಟ್ಟೂ ಇಲ್ಲೇ ಇದೆ. ವಿಮಾನದ ಟಿಕೆಟ್, ಪರ್ಮಿಟ್, ಪಾರ್ಕ್ ಶುಲ್ಕ, ಇವುಗಳಲ್ಲಿ ಯಾರೂ ರಿಯಾಯಿತಿ ಕೊಡುವುದಿಲ್ಲ. ಲಾಡ್ಜಿನ ದರದಲ್ಲಿ ಅಲ್ಪಸ್ವಲ್ಪ ಎಳೆದಾಡಬಹುದು. ಹಾಗಿದ್ದೂ ಒಬ್ಬ ಬೇರೆಯವರಿಗಿಂತ ಬಹಳ ಕಡಿಮೆಗೆ ಕರೆದೊಯ್ಯುತ್ತೇನೆ ಅಂದರೆ, ಕತ್ತರಿ ಹಾಕಲು ಉಳಿದಿರುವ ಜಾಗ ಯಾವುದು? ಆಳುಗಳ ಸಂಖ್ಯೆ, ಅವರ ಕೂಲಿ, ಅವರ ಊಟ. ಅಗ್ಗ ಅಂದರೆಲ್ಲ ಮೋಸ ಅಲ್ಲ, ದುಬಾರಿ ಅಂದರೆಲ್ಲ ನ್ಯಾಯವೂ ಅಲ್ಲ. ದುಬಾರಿ ತೆತ್ತೂ ಆಳಿಗೆ ಕಡಿಮೆ ಮುಟ್ಟಿದ್ದು ಉಂಟು. ಅದಕ್ಕೇ ಕೇಳಿ ತಿಳಿಯಬೇಕು ಅನ್ನುವುದು.

ನೇಪಾಳದ ಲಾಡ್ಜ್ ಚಾರಣದಲ್ಲಿ ಇನ್ನೊಂದು ವಿಷಯ ಇದೆ. ಸಾಮಾನ್ಯವಾಗಿ ಪೋರ್ಟರ್ ತನ್ನ ದಿನಗೂಲಿಯಲ್ಲೇ ಊಟ ವಸತಿ ನೋಡಿಕೊಳ್ಳಬೇಕು. ಮೇಲೆ ಹೋದ ಹಾಗೆ ಎಲ್ಲದರ ಬೆಲೆಯೂ ಏರುತ್ತದೆ. ಅಕ್ಕಿ, ಗ್ಯಾಸ್, ಬಿಸ್ಕತ್ತು ಎಲ್ಲವೂ ಯಾರದೋ ಬೆನ್ನ ಮೇಲೆ, ಇಲ್ಲ ಚಮರಿಮೃಗದ (ಯಾಕ್) ಮೇಲೆ, ಹೇಸರಗತ್ತೆ ಮೇಲೆ ಬಂದಿರುತ್ತದೆ. ಕೂಲಿ ಮಾತ್ರ ಕೆಳಗೂ ಅಷ್ಟೇ, ಮೇಲೂ ಅಷ್ಟೇ. ಹಾಗಾಗಿ ಶಕ್ತಿ ಜಾಸ್ತಿ ಬೇಕಾದ ಜಾಗದಲ್ಲೇ ಅವನು ಕಡಿಮೆ ತಿನ್ನುತ್ತಾನೆ. ಪೋರ್ಟರ್‌ಗಳಿಗೆ ಬೇರೆ ದರ ಇಟ್ಟ ಲಾಡ್ಜ್‌ಗಳು ಇವೆ. ಎಷ್ಟೋ ಕಡೆ ಚಾರಣಿಗರು ಊಟ ಮುಗಿಸಿ ಕೋಣೆ ಸೇರಿದ ಮೇಲೆ ಅದೇ ಊಟದ ಹಾಲಿನ ಬೆಂಚುಗಳ ಮೇಲೆ ಅವರ ಹಾಸಿಗೆ. ನಾವು ಹನ್ನೊಂದರ ತನಕ ಇಸ್ಪೀಟು ಆಡುತ್ತಾ ಕೂತರೆ ಅವರ ನಿದ್ದೆಯೂ ಹನ್ನೊಂದಕ್ಕೇ. ಇದು ನನಗೆ ಹೊಳೆದದ್ದು ಐದನೇ ರಾತ್ರಿ.

ಟಿಪ್ಸ್ ಇಲ್ಲಿ ಭಕ್ಷೀಸು ಅಲ್ಲ, ಆದಾಯದ ದೊಡ್ಡ ಪಾಲು. ಎಲ್ಲರದೂ ಸೇರಿಸಿ ಒಂದು ಕವರಿನಲ್ಲಿ ಮುಖ್ಯ ಗೈಡ್ ಕೈಗೆ ಕೊಟ್ಟರೆ ಅದು ಕೊನೆಯ ಆಳಿನವರೆಗೆ ಹೇಗೆ ಹೋಗುತ್ತದೆ ಎಂದು ನಮಗೆ ಗೊತ್ತಾಗುವುದಿಲ್ಲ. ಒಬ್ಬೊಬ್ಬರ ಕೈಗೇ ಕೊಡುವುದು, ಇಲ್ಲವೇ ಯಾರಿಗೆ ಎಷ್ಟು ಅಂತ ಎಲ್ಲರ ಎದುರು ಓದಿ ಹೇಳುವುದು ಸರಿಯಾದ ದಾರಿ.

## ಕಿಲಿಮಂಜಾರೋ ಲೆಕ್ಕ ಬೇರೆ

ತಾಂಜಾನಿಯಾದ ಈ ಪರ್ವತದಲ್ಲಿ ದಾರಿಯುದ್ದಕ್ಕೂ ಊರುಗಳಿಲ್ಲ. ಮರಂಗು ದಾರಿಯೊಂದರಲ್ಲಿ ಗುಡಿಸಲುಗಳಿವೆ. ಉಳಿದ ದಾರಿಗಳಲ್ಲಿ ಗುಡಾರವೇ ಗತಿ. ಗುಡಾರ, ಮೇಜು ಕುರ್ಚಿ, ಪಾತ್ರೆ, ಗ್ಯಾಸ್, ವಾರಕ್ಕಾಗುವ ದಿನಸಿ, ಕೆಲವು ಗುಂಪುಗಳಲ್ಲಿ ಕಕ್ಕಸಿನ ಗುಡಾರ ಕೂಡ, ಎಲ್ಲವೂ ಆಳುಗಳ ತಲೆ, ಹೆಗಲ ಮೇಲೆ. ಅದಕ್ಕೇ ಅಲ್ಲಿ ಒಬ್ಬ ಚಾರಣಿಗನಿಗೆ ಮೂರು ನಾಲ್ಕು ಪೋರ್ಟರ್‌ಗಳು. ಎಂಟು ಜನ ಹೊರಟರೆ ಜೊತೆಗೆ ಮೂವತ್ತು ಜನರ ದಿಬ್ಬಣ.

ಬೆಳಗ್ಗೆ ನೀವು ಹೊರಟ ಮೇಲೆ ಅವರು ಗುಡಾರ ಕೀಳುತ್ತಾರೆ. 'ಪೋಲೆ ಪೋಲೆ' ಅಂದರೆ ನಿಧಾನ ನಿಧಾನ ಎಂದು ಗೈಡ್ ನಿಮ್ಮನ್ನು ತಡೆದು ನಡೆಸುತ್ತಿರುವಾಗ ಅವರು ಪಕ್ಕದಲ್ಲೇ ದಾಟಿ ಹೋಗುತ್ತಾರೆ. ನೀವು ತಲುಪುವಷ್ಟರಲ್ಲಿ ಗುಡಾರ ಎದ್ದಿರುತ್ತದೆ, ಚಹಾ ಕಾದಿರುತ್ತದೆ. ಕೊನೆಯ ರಾತ್ರಿ ಗೈಡ್‌ಗಳು ನಿಮ್ಮ ಜೊತೆ ತುದಿಗೆ ಬರುತ್ತಾರೆ. ಬಹುತೇಕ ಪೋರ್ಟರ್‌ಗಳು ಕ್ಯಾಂಪಿನಲ್ಲೇ ಉಳಿಯುತ್ತಾರೆ.

ಮೋಶಿ ಪಟ್ಟಣದಲ್ಲಿ 2003ರಿಂದ 'ಕಿಲಿಮಂಜಾರೋ ಪೋರ್ಟರ್ಸ್ ಅಸಿಸ್ಟೆನ್ಸ್ ಪ್ರಾಜೆಕ್ಟ್' ಎಂಬ ಲಾಭರಹಿತ ಸಂಸ್ಥೆ ಇದೆ. ಕೂಲಿ, ತೂಕ, ಊಟ, ಗುಡಾರ, ಟಿಪ್ಸ್ ಹಂಚಿಕೆ, ಇವುಗಳಲ್ಲಿ ಸರಿಯಾಗಿ ನಡೆದುಕೊಳ್ಳುವ ಕಂಪನಿಗಳ ಪಟ್ಟಿಯನ್ನು ಅದು ಬಹಿರಂಗವಾಗಿ ಇಡುತ್ತದೆ. ಕಂಪನಿ ಹೇಳಿದ್ದನ್ನು ನಂಬಿ ಕೂರುವುದಿಲ್ಲ. ಬೆಟ್ಟದಲ್ಲಿ ಏನಾಯಿತು ಅಂತ ಹೊತ್ತವರನ್ನೇ ಕೇಳಿ ತಿಳಿಯುತ್ತದೆ. ಆಫ್ರಿಕಾಕ್ಕೆ ಹೊರಟವರಿಗೆ ಇದು ದೊಡ್ಡ ಅನುಕೂಲ. ನಿಮ್ಮ ಕಂಪನಿ ಆ ಪಟ್ಟಿಯಲ್ಲಿದೆಯಾ ಎಂದು ಐದು ನಿಮಿಷದಲ್ಲಿ ನೋಡಬಹುದು.

## ವಿಮೆಯ ಮಾತು

2014ರ ಏಪ್ರಿಲ್ 18ರಂದು ಎವರೆಸ್ಟ್‌ನ ಖುಂಬು ಐಸ್‌ಫಾಲ್ ಎಂಬ, ಒಡೆದ ಹಿಮಗಡ್ಡೆಗಳ ಇಳಿಜಾರಿನ ಹಾದಿಯಲ್ಲಿ ಹಿಮ ಕುಸಿದು 16 ಜನ ನೇಪಾಳಿ ಕೆಲಸಗಾರರು ಸತ್ತರು. ಇವರು ಚಾರಣದ ಪೋರ್ಟರ್‌ಗಳಲ್ಲ, ಶಿಖರ ಏರುವ ತಂಡಗಳಿಗೆ ಮೇಲಿನ ಕ್ಯಾಂಪ್‌ಗಳಿಗೆ ಸಾಮಾನು ಸಾಗಿಸುತ್ತಿದ್ದವರು. ತಕ್ಷಣದ ಪರಿಹಾರವೆಂದು ಸರ್ಕಾರ ಹೇಳಿದ್ದು ಒಂದು ಕುಟುಂಬಕ್ಕೆ 40,000 ನೇಪಾಳಿ ರೂಪಾಯಿ. ನಮ್ಮ ಲೆಕ್ಕದಲ್ಲಿ ಸುಮಾರು 25,000. ಉಳಿದವರು ಕೆಲಸ ನಿಲ್ಲಿಸಿ ಕೂತರು, ಆ ಸೀಸನ್ನಿನಲ್ಲಿ ನೇಪಾಳದ ಕಡೆಯಿಂದ ಎವರೆಸ್ಟ್ ಏರುವುದು ಹೆಚ್ಚುಕಡಿಮೆ ನಿಂತೇ ಹೋಯಿತು. ವಿಮೆಯ ಮೊತ್ತ ಏರಿಸಿದ್ದು ಆ ನಂತರ.

ನಾವು ನಮ್ಮ ಹೆಲಿಕಾಪ್ಟರ್ ವಿಮೆಯನ್ನು ಎರಡೆರಡು ಸಲ ನೋಡುತ್ತೇವೆ. ಪೋರ್ಟರ್‌ಗೂ ವಿಮೆ ಇರುತ್ತದೆ, ಇರಬೇಕು ಎಂಬುದು ಬಹಳ ಜನಕ್ಕೆ ಗೊತ್ತೇ ಇರುವುದಿಲ್ಲ.

## ಅಪ್ಪ ಅಮ್ಮನ ಯಾತ್ರೆಯಲ್ಲೂ ಇದೇ

'ನಾವು ಚಾರಣಕ್ಕೆಲ್ಲ ಹೋಗಲ್ಲ' ಅನ್ನುವವರ ಮನೆಯ ಹಿರಿಯರು ಕೇದಾರನಾಥಕ್ಕೆ ಹೋಗಿರುತ್ತಾರೆ. ದೇವಸ್ಥಾನ 3,583 ಮೀಟರ್ ಎತ್ತರದಲ್ಲಿದೆ. ಗೌರಿಕುಂಡದಿಂದ ನಡಿಗೆ. ನಡೆಯಲಾಗದವರನ್ನು ಬೆನ್ನ ಬುಟ್ಟಿಯಲ್ಲಿ ಕೂರಿಸಿ ಒಬ್ಬರೇ ಹೊರುತ್ತಾರೆ, ಅದು ಕಂಡಿ. ನಾಲ್ಕು ಜನ ಹೊರುವುದು ದಂಡಿ. ಇಲ್ಲಿ ಹೊರೆ 30 ಕಿಲೋ ಅಲ್ಲ, ಒಬ್ಬ ಮನುಷ್ಯ. ಸರ್ಕಾರ ದರ ಗೊತ್ತು ಮಾಡಿದ ಪ್ರೀಪೇಡ್ ಕೌಂಟರ್‌ಗಳಿವೆ. ಅಲ್ಲಿಂದಲೇ, ನೋಂದಣಿ ಚೀಟಿ ಇರುವವರನ್ನೇ ಗೊತ್ತು ಮಾಡಿಕೊಂಡರೆ ಎರಡೂ ಕಡೆಗೆ ಒಳ್ಳೆಯದು. ದಾರಿಯಲ್ಲಿ ಚೌಕಾಸಿ ಮಾಡಿ ನೂರಿನ್ನೂರು ಉಳಿಸಿದ ಕಥೆಯನ್ನು ಊರಿಗೆ ಬಂದು ಹೇಳುವವರನ್ನೂ ಕಂಡಿದ್ದೇನೆ. ದೇವರ ಹುಂಡಿಗೆ ಮಾತ್ರ ಐನೂರು!

## ಹಾಗಾದರೆ ಏನು ಕೇಳಬೇಕು?

ಮೊದಲ ಹುಡುಗನ ಪ್ರಶ್ನೆಗೆ ಬರೋಣ. ಪೋರ್ಟರ್ ಇಟ್ಟುಕೊಳ್ಳುವುದು ತಪ್ಪಲ್ಲ. ಆ ಕಣಿವೆಗಳಲ್ಲಿ ಕೈಗೆ ನಗದು ತರುವ ಕೆಲಸಗಳು ಬೆರಳೆಣಿಕೆ. ನಾಚಿಕೆಪಟ್ಟು ನಾವೆಲ್ಲ ನಮ್ಮ ಬ್ಯಾಗು ನಾವೇ ಹೊತ್ತರೆ ಅವರ ಒಲೆ ಆರುತ್ತದೆ. ಎಷ್ಟೋ ಗೈಡ್‌ಗಳು ಮೊದಲು ಪೋರ್ಟರ್ ಆಗಿದ್ದವರೇ, ಹೊರುತ್ತಾ ಹೊರುತ್ತಾ ಇಂಗ್ಲಿಷ್ ಕಲಿತು ಮೇಲೆ ಬಂದವರು.

ಎರಡನೇ ಹುಡುಗನಿಗೆ ಉತ್ತರ ಕಂಪನಿಗೆ ಫೋನ್ ಮಾಡುವುದರಲ್ಲಿದೆ. ಅಡ್ವಾನ್ಸ್ ಕಟ್ಟುವ ಮೊದಲು ಕೇಳಿ. ಎಷ್ಟು ಜನಕ್ಕೆ ಎಷ್ಟು ಪೋರ್ಟರ್? ಒಬ್ಬರ ಹೊರೆ ಎಷ್ಟು ಕಿಲೋ ಮೀರುವುದಿಲ್ಲ? ಅವರ ಊಟ ವಸತಿ ಕೂಲಿಯಲ್ಲಿ ಕಳೆಯುತ್ತೀರಾ, ಬೇರೆ ಕೊಡುತ್ತೀರಾ? ಯಾರಿಗಾದರೂ ಕಾಯಿಲೆಯಾಗಿ ಇಳಿಸಬೇಕಾಗಿ ಬಂದರೆ ಜೊತೆಗೆ ಯಾರು ಹೋಗುತ್ತಾರೆ, ಉಳಿದ ದಿನದ ಕೂಲಿ ಸಿಗುತ್ತದಾ? ವಿಮೆ ಇದೆಯಾ? ಉತ್ತರವನ್ನು ಮೆಸೇಜಿನಲ್ಲೇ ಪಡೆಯಿರಿ, ಬಾಯಿಮಾತು ಲುಕ್ಲಾ ತನಕ ಬರುವುದಿಲ್ಲ. ನೆಟ್ಟಗೆ ಕೆಲಸ ಮಾಡುವ ಕಂಪನಿಗೆ ಇವು ಗೊತ್ತಿರುವ ಪ್ರಶ್ನೆಗಳು, ಥಟ್ಟನೆ ಹೇಳುತ್ತಾರೆ. 'ಅದೆಲ್ಲ ನಾವು ನೋಡ್ಕೋತೀವಿ ಸಾರ್' ಅಂದರೆ ಇನ್ನೊಂದು ಸಲ ಕೇಳಿ.

ಅಲ್ಲಿ ಹೋದ ಮೇಲೆ ಮೊದಲ ದಿನವೇ ಪೋರ್ಟರ್ ಹೆಸರು ಕೇಳಿಕೊಳ್ಳಿ. ಬೂಟು, ಕೈಗವಸು, ಕನ್ನಡಕ ಇದೆಯಾ ನೋಡಿ. ಸಂಜೆ ಊಟವಾಯಿತಾ, ತಲೆನೋವು ಇದೆಯಾ ಅಂತ ವಿಚಾರಿಸಿ. ನಮ್ಮ ಹರಕು ಹಿಂದಿ ನೇಪಾಳದಲ್ಲಿ ಸಾಕಷ್ಟು ನಡೆಯುತ್ತದೆ. ಬಟ್ಟೆ ಇಲ್ಲದಿದ್ದರೆ ಕಠ್ಮಂಡುವಿನಲ್ಲಿ 'ಕೀಪ್' ಎಂಬ ಸಂಸ್ಥೆ ಪೋರ್ಟರ್‌ಗಳಿಗಾಗಿ ಬಟ್ಟೆ ಬ್ಯಾಂಕ್ ನಡೆಸುತ್ತದೆ. ಮೋಶಿಯಲ್ಲಿ ಮೇಲೆ ಹೇಳಿದ ಸಂಸ್ಥೆಯೂ ಬಟ್ಟೆ ಬೂಟು ಎರವಲು ಕೊಡುತ್ತದೆ. ಚಾರಣ ಮುಗಿದ ಮೇಲೆ ನಿಮ್ಮ ಜಾಕೆಟ್ ಅಲ್ಲಿಗೆ ಕೊಟ್ಟು ಬರಬಹುದು. ತುಮಕೂರಿನಲ್ಲಿ ಅದನ್ನು ಇನ್ನು ಯಾವಾಗ ಹಾಕುತ್ತೀರಿ?

ಕ್ಯಾತ್ಸಂದ್ರದ ಹುಡುಗರಿಗೆ ಐದು ಜನಕ್ಕೆ ಇಬ್ಬರು ಪೋರ್ಟರ್ ಅಂತ ಹೇಳಿದ್ದರಂತೆ. ಐದು ಬ್ಯಾಗು, ತಲಾ 15 ಕಿಲೋ, ಒಟ್ಟು 75. ಇಬ್ಬರಿಗೆ ಹಂಚಿದರೆ ಒಬ್ಬರಿಗೆ ಮೂವತ್ತೇಳೂವರೆ. ಮೂವರಾದರೆ 25. ಫೋನ್ ಮಾಡಿ, ಒಂದಿಷ್ಟು ದುಡ್ಡು ಜಾಸ್ತಿ ಕೊಟ್ಟು ಮೂವರನ್ನು ಮಾಡಿಸಿಕೊಂಡಿದ್ದಾರೆ. ಅವತ್ತು ನಕ್ಕ ಹುಡುಗ ನಿನ್ನೆ ಒಂದು ಫೋಟೊ ಕಳಿಸಿದ್ದ. ಅವರಪ್ಪನ ದಿನಸಿ ಅಂಗಡಿಯ ತಕ್ಕಡಿ ಮೇಲೆ ಅವನ ಬ್ಯಾಗು, 17 ಕಿಲೋ 200 ಗ್ರಾಂ. ಎರಡು ಕಿಲೋ ಚಿಲ್ಲರೆ ಇಳಿಸಬೇಕು. ಜೀನ್ಸ್ ಪ್ಯಾಂಟು, ಟ್ರೈಪಾಡು ಎರಡೂ ತೆಗೆಯುತ್ತಾನಂತೆ. ನಿಪ್ಪಟ್ಟು ಮಾತ್ರ ಅವನ ಸಣ್ಣ ಬ್ಯಾಗಿಗೆ ಹೋಗಿದೆ, ಅದನ್ನು ಅವನೇ ಹೊರುತ್ತಾನೆ.